ಪೂಜೆಯಾದ ಬಾಗಿಲು, ವಾಲಿದ ಗೋಡೆ

ಅಥವಾ ಅಮ್ಮ ಹೊಸ್ತಿಲ ಮೇಲೆ ಕೂತದ್ದು ಮೇಸ್ತ್ರಿ ಹಾರೆ ಎತ್ತುವ ಮೊದಲಲ್ಲ, ಎತ್ತಿದ ಮೇಲೆಯೇ ಇರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಹರದನಹಳ್ಳಿಯಲ್ಲಿ ಆಗಷ್ಟೇ ಕಟ್ಟಿದ ನಮ್ಮ ಮನೆಯ ಮುಂದಿನ ಗೋಡೆ ವಾಲಿತ್ತು. ಮುಹೂರ್ತ ಮೀರುತ್ತದೆಂದು ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡದೆಯೇ ಬಾಗಿಲ ಚೌಕಟ್ಟು ನಿಲ್ಲಿಸಿ ಪೂಜೆ ಮಾಡಿದ್ದೆವು. ಆ ಓರೆ ಚೌಕಟ್ಟಿಗೆ ಹೊಂದಿಸಿಯೇ ಇಟ್ಟಿಗೆ ಕಟ್ಟಿದ್ದರು. ಸರಿಮಾಡಲು ಗುಂಡ್ಲುಪೇಟೆಯಿಂದ ಬೇರೆ ಮೇಸ್ತ್ರಿಯನ್ನು ಕರೆಸಿದ್ದೆ.

"ಏಳವ್ವ, ಬಾಗ್ಲು ಕೀಳ್ದೆ ಗ್ವಾಡೆ ನೆಟ್ಗಾಗಕಿಲ್ಲ," ಎಂದ ಅವನು.

"ಪೂಜೆ ಆದ ಬಾಗ್ಲು ಕಿತ್ತ ಮನೇಲಿ ಯಾರ್ಲಾ ಬಾಳಾರು? ನಿನ್ ತೂಗುಗುಂಡ್ಗೆ ದೇವ್ರಿಗಿಂತ ಜಾಸ್ತಿ ಗೊತ್ತಾ? ಓಗ್ಲಾ!" ಎಂದಳು ಅಮ್ಮ.

"ಬಿದ್ರೆ ದೇವ್ರೇ ಬಂದು ಇಡ್ಕತದಾ?" ಎಂದು ಗೊಣಗುತ್ತ ಅವನು ಹಾರೆಯನ್ನು ಹೆಗಲಿಗೇರಿಸಿ ಹೊರಟುಬಿಟ್ಟ. ನನ್ನ ಮಗಳು ಓಡಾಡುವ ಜಾಗ, ಗೋಡೆ ಬಿದ್ದರೆ ಏನು ಗತಿ ಎಂದು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅಳತೊಡಗಿದಳು.

ಕೊನೆಗೆ ಬಾಗಿಲು ಕೀಳದೆ, ವಾಲಿದ ಗೋಡೆಗೇ ಗಾರೆ ಬಳಿಸಿ ಬಣ್ಣ ಹೊಡೆಸಿದೆವು. ಅಮ್ಮ ಅದಕ್ಕೇ ಒರಗಿ ಅವರೆಕಾಯಿ ಸುಲಿಯುತ್ತಾಳೆ, ಮಗಳು ಅವಳ ಪಕ್ಕದಲ್ಲಿ ಆಡುತ್ತಿರುತ್ತಾಳೆ. ಗೋಡೆ ಇನ್ನೂ ವಾಲುತ್ತಿದೆಯೋ, ನನ್ನ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತದೆಯೋ, ನನಗೆ ಗೊತ್ತಿಲ್ಲ.