ಕಾಂತಿಯಕ್ಕ ಸಹಿ ಹಾಕದ ಕಥೆ

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಪಕ್ಕ ಕಾಂತಿಯಕ್ಕನ ಹೋಟೆಲ್ ಉಂಟು. ಬೆಳಿಗ್ಗೆ ಎಂಟಕ್ಕೆ ಹೋಗಿ "ಬನ್ಸ್ ಬಿಸಿ ಉಂಟಾ?" ಎಂದು ಕೇಳಿದವನನ್ನು ಅವರು ಒಮ್ಮೆ ನೋಡುತ್ತಾರೆ. ಆ ನೋಟ ಕಂಡವ ಮತ್ತೆ ಜನ್ಮದಲ್ಲಿ ಆ ಪ್ರಶ್ನೆ ಕೇಳುವುದಿಲ್ಲ. ಹದಿನೆಂಟು ವರ್ಷದಿಂದ ಅಳದಂಗಡಿಯ ಮೊದಲ ಬಸ್ಸಿಗೆ ಬಂದು ಸಂಜೆ ಐದರ ಬಸ್ಸಿಗೆ ಹೋಗುವ ಹೆಂಗಸು. ಐದು ದಾಟಿ ಎರಡು ನಿಮಿಷ ಆದರೂ ಕಂಡಕ್ಟರ್ ಸೀಟಿ ಊದುವುದಿಲ್ಲ, ಒಮ್ಮೆ ಹೋಟೆಲಿನ ಕಡೆ ಕತ್ತು ಉದ್ದ ಮಾಡಿ ನೋಡುತ್ತಾನೆ.

ನಾನು ಅಬ್ದುಲ್ ಸಮದ್. ಅದೇ ಕಟ್ಟಡದ ಮಾಳಿಗೆಯಲ್ಲಿ ನನ್ನ ಟೈಪಿಂಗ್, ಝೆರಾಕ್ಸ್ ಅಂಗಡಿ. ಬಂಟ್ವಾಳದಿಂದ ದಿನಾ ಬರುವವ. ಬೇರೆಯವರು ಬರೆದದ್ದನ್ನು ಟೈಪ್ ಮಾಡಬೇಕು, ಬಾಯಿ ಹಾಕಬಾರದು ಎನ್ನುವುದು ನನ್ನ ಕಾನೂನು. ಈ ವರ್ಷ ಅದನ್ನು ಮುರಿದೆ. ಅದಕ್ಕೆ ನನಗೆ ಸ್ವಲ್ಪವೂ ಬೇಸರ ಇಲ್ಲ.

ಆದದ್ದಿಷ್ಟೆ. ಇಲ್ಲಿನ ಒಂದು ಕಾಲೇಜಿನ ಕನ್ನಡ ವಿಭಾಗವೂ ಸಮಾಜಶಾಸ್ತ್ರ ವಿಭಾಗವೂ ಸೇರಿ ವಿದ್ಯಾರ್ಥಿಗಳಿಗೆ ಕಥಾಸ್ಪರ್ಧೆ ಇಟ್ಟವು. ಈ ಕಡೆಯ ಒಬ್ಬರನ್ನು ಕಂಡು, ಮಾತಾಡಿಸಿ, ಅವರ ಬದುಕನ್ನು ಕಥೆ ಮಾಡಬೇಕು. ಬರೆದ ಮೇಲೆ ಅವರಿಗೇ ಓದಿ ಹೇಳಿ, ಕೊನೆಯ ಪುಟದಲ್ಲಿ ಸಹಿ ಹಾಕಿಸಬೇಕು. ಸಹಿ ಇಲ್ಲದಿದ್ದರೆ ಕಥೆ ತೆಗೆದುಕೊಳ್ಳುವುದಿಲ್ಲ. ಒಳ್ಳೆಯ ನಿಯಮ. ಆದರೆ ಮಕ್ಕಳು ಬರೆದದ್ದು ಎಂತ? ನಾನು ಹನ್ನೊಂದು ಕಥೆ ಟೈಪ್ ಮಾಡಿದೆ, ಒಂಬತ್ತರಲ್ಲಿ ಬರೀ ಕಣ್ಣೀರು. ಮೀನು ಮಾರುವವಳು ಅಳುತ್ತಾಳೆ, ಟೈಲರ್ ಅಳುತ್ತಾನೆ, ಪೋಸ್ಟ್‌ಮ್ಯಾನ್ ಸಹ ಅಳುತ್ತಾನೆ. ಎಲ್ಲರೂ ಹೀಗೆ ಅಳುತ್ತಾ ಕೂತರೆ ಊರಿನ ಕೆಲಸ ಮಾಡುವವರು ಯಾರು ಮಾರಾಯ್ರೆ?

ಹನ್ನೆರಡನೆಯದು ಭವ್ಯಶ್ರೀಯದ್ದು. ಗದಗದ ಕಡೆಯ ಹುಡುಗಿ, ಹಾಸ್ಟೆಲಿನಲ್ಲಿದ್ದು ಬಿಎ ಓದುವವಳು. ಶುಕ್ರವಾರ ಸಂಜೆ ತಂದಳು, ಕೊಡಲಿಕ್ಕೆ ಕೊನೆಯ ದಿನ ಸೋಮವಾರ. ಎರಡು ಪುಟ ಟೈಪ್ ಮಾಡುವಾಗಲೇ ನನ್ನ ಕೈ ನಿಂತಿತು. ಕಥೆಯಲ್ಲಿರುವುದು ನಮ್ಮ ಕಾಂತಿಯಕ್ಕ. ಗಂಡ ಬಿಟ್ಟ ಮೇಲೆ ತವರಿಗೆ ಬಂದು ಬಿದ್ದ ನತದೃಷ್ಟೆ. ಶನಿವಾರಕ್ಕೊಮ್ಮೆ ಮುಖ ತೋರಿಸಿ ಹೋಗುವ ಕಟುಕ ಗಂಡ. ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸುವ ಹೆಂಡತಿ. ನನಗೆ ಪಿತ್ತ ನೆತ್ತಿಗೇರಿತು.

"ಇದನ್ನು ಯಾರು ಹೇಳಿದ್ದು ನಿನಗೆ?"

"ಅವರ ಹೇಳ್ಯಾರಣ್ಣ. ಗಂಡನ ಮನ್ಯಾಗ ಅದೀರೇನ್ರೀ ಅಂದೆ. ಇಲ್ಲ, ತಾಯಿಮನೆಯಲ್ಲಿ, ಅವರು ಶನಿವಾರ ಬರ್ತಾರೆ ಅಂದ್ರು. ಇನ್ನೇನ ಕೇಳೂದೈತಿ?"

ಅವಳು ಸುಳ್ಳು ಬರೆದಿರಲಿಲ್ಲ. ಅವಳ ಊರಿನಲ್ಲಿ ಆ ಎರಡು ಮಾತಿಗೆ ಅರ್ಥ ಒಂದೇ, ಗಂಡ ಬಿಟ್ಟಿದ್ದಾನೆ ಅಂತ. ನಮ್ಮಲ್ಲಿ ಹಾಗಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಮನೆ, ಜಾಗ ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಇಳಿದು ಬಂದದ್ದು. ಹೆಂಡತಿ ಅವಳ ತಾಯಿಮನೆಯಲ್ಲಿ ಇರುವುದು, ಗಂಡ ಬಂದು ಹೋಗುವುದು, ಈಗ ಕಡಿಮೆಯಾದರೂ ಯಾರೂ ಹುಬ್ಬೇರಿಸುವುದಿಲ್ಲ. ಬೇರೆಯವರದ್ದು ಯಾಕೆ, ನಾನೇ ಮದುವೆಯಾದಾಗಿನಿಂದ ಹೆಂಡತಿಮನೆಯಲ್ಲಿ ಕೂತವ. ನಮ್ಮ ಬ್ಯಾರಿ ಮುಸ್ಲಿಮರಲ್ಲಿ ಅದು ಹೊಸತಲ್ಲ. ಆದರೆ ಇದನ್ನೆಲ್ಲ ನಾನು ಹೇಳಿ ಅವಳು ತಿದ್ದಿದರೆ ಅದು ನನ್ನ ಕಥೆಯಾಯಿತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಉಂಟಲ್ಲ? ಹೇಗೂ ಸಹಿ ಬೇಕು. ನಾಳೆ ಹೋಗಿ ಅವರ ಎದುರು ಓದು," ಎಂದೆ.

ಶನಿವಾರ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಅವಳು ಓದಿದಳು. ನಾನು ಚಹಾದ ನೆಪದಲ್ಲಿ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಕಾಂತಿಯಕ್ಕ ಕಾದ ಎಣ್ಣೆಗೆ ಗೋಳಿಬಜೆ ಬಿಡುತ್ತಾ ಪೂರ್ತಿ ಕೇಳಿದರು. ಕೈ ಒಮ್ಮೆಯೂ ನಿಲ್ಲಲಿಲ್ಲ.

"ಚಂದ ಬರೆದಿದ್ದಿ. ಆದರೆ ಇವಳು ನಾನಲ್ಲ. ಸಹಿ ಹಾಕುವುದಿಲ್ಲ."

ಸೋಮವಾರ ಕೊಡಬೇಕು. ಬೇರೆ ಯಾರನ್ನಾದರೂ ಹುಡುಕಲಿಕ್ಕೆ ದಿನ ಎಲ್ಲಿ ಉಂಟು? ಎರಡು ತಿಂಗಳ ಕೆಲಸ ನೀರಲ್ಲಿ ಹೋಮ.

"ಅಕ್ಕಾರ, ಅವರು ನಿಮ್ಮನ್ನ ಬಿಟ್ಟಿಲ್ಲೇನು?"

"ಬಿಡ್ಲಿಕ್ಕೆ ನಾನು ಅವರ ಮನೆಗೆ ಹೋಗಿದ್ದರಲ್ಲವಾ!" ಎಂದರು ಕಾಂತಿಯಕ್ಕ. ಆಮೇಲೆ ಬೆಂಕಿ ಸಣ್ಣ ಮಾಡಿ, "ವಾರ್ಡನ್ ಹತ್ತಿರ ಕೇಳಿ ಬಾ. ಐದರ ಬಸ್ಸಿಗೆ ನಮ್ಮಲ್ಲಿಗೆ ಹೋಗುವ. ಕಣ್ಣಿಂದ ನೋಡಿ ಬರಿ," ಎಂದರು.

ಅಲ್ಲಿ ಏನು ನಡೆಯಿತೆಂದು ಸೋಮವಾರ ಬೆಳಿಗ್ಗೆ ಅವಳೇ ಹೇಳಿದಳು. ಗಂಡ ಶೀನಪ್ಪಣ್ಣನಿಗೆ ಕೊಕ್ಕಡದಲ್ಲಿ ತನ್ನ ತಾಯಿಯ ಕಡೆಯ ರಬ್ಬರ್ ತೋಟ. ಬೆಳಕು ಹರಿಯುವ ಮೊದಲು ಮರದ ಹಾಲು ತೆಗೆಯುವ ಟ್ಯಾಪಿಂಗ್‌ಗೆ ಇಳಿಯಬೇಕು, ಹಾಗಾಗಿ ವಾರವಿಡೀ ಅಲ್ಲೇ. ಬರುವಾಗ ಹೆಂಡತಿಗೆಂದು ಅಬ್ಬಲಿಗೆ ಹೂ ತಂದಿದ್ದರು. ಚಪ್ಪಲಿ ಬಿಟ್ಟು, ಜಗಲಿಯಲ್ಲಿ ಕೂತು, ಹೆಂಡತಿ ಕೊಟ್ಟ ನೀರು ಕುಡಿದು, "ದನದ ಹಟ್ಟಿಯ ಮಾಡಿಗೆ ಶೀಟ್ ಹಾಕಿಸುವುದಾ ಹೇಗೆ?" ಎಂದು ಕೇಳಿದರಂತೆ. "ಮುಂದಿನ ವರ್ಷ ನೋಡುವ," ಎಂದರಂತೆ ಕಾಂತಿಯಕ್ಕ. ಮಾತು ಅಲ್ಲಿಗೆ ಮುಗಿಯಿತು. ಭಾನುವಾರ ಗಂಡ ಹೆಂಡತಿ ಕೂತು ನಗಾಡುತ್ತಾ ನೀರುದೋಸೆ ತಿಂದದ್ದನ್ನು ಹೇಳಿ ಹುಡುಗಿ ಹಳೆಯ ಪುಟಗಳನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಅಣ್ಣಾ, ನಾ ಕಾಂತಿ ಅಕ್ಕಾರನ್ನ ನೋಡೇ ಇರಲಿಲ್ಲ. ನಮ್ಮಪ್ಪ ನಮ್ಮವ್ವನ್ನ ಬಿಟ್ಟಾನ. ನಾ ನಾಲ್ಕು ವರ್ಷದಾಕಿ ಇದ್ದಾಗಿಂದ ಅಜ್ಜಿ ಮನ್ಯಾಗ ಅದೀವಿ. ಅವ್ವನ ಕಥಿ ಇವರ ಹೆಸರಿಗೆ ಬರದುಬಿಟ್ಟೆ."

ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಪಾಪ ಅನಿಸಿತು, ಸುಳ್ಳು ಯಾಕೆ ಹೇಳುವುದು. "ಇದನ್ನೇ ಬರಿ. ನೀನು ಹೇಗೆ ತಪ್ಪು ನೋಡಿದೆ ಅಂತ ಬರಿ. ನೀನು ಹೇಳು, ನಾನು ಹೊಡೀತೇನೆ," ಎಂದು ಕೀಬೋರ್ಡ್ ಎಳೆದುಕೊಂಡೆ. ಅಂಗಡಿಯ ಶಟರ್ ಅರ್ಧ ಎಳೆದು ಎರಡು ಗಂಟೆಯವರೆಗೆ ಕೂತೆವು. ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದೆ. ಕೆಳಗೆ ಹೋಗಿ ಓದಿದಳು. ಕಾಂತಿಯಕ್ಕ ಕೈ ಒರೆಸಿಕೊಂಡು, ದೊಡ್ಡ ದೊಡ್ಡ ಅಕ್ಷರದಲ್ಲಿ ಹೆಸರು ಬರೆದರು. "ನಾನು ಸ್ವಲ್ಪ ಜೋರು ಅಂತ ಬರೆದಿದ್ದಿಯಲ್ಲ, ಅದನ್ನು ತೆಗೀಬೇಡ," ಎಂದರು.

ಮೂರೂಮುಕ್ಕಾಲಿಗೆ ಕಥೆ ಕಾಲೇಜು ಸೇರಿತು. ಬಹುಮಾನದ ಸುದ್ದಿ ಇನ್ನೂ ಬಂದಿಲ್ಲ. ಬಂದೇ ಬರ್ತದೆ, ನಾನು ಟೈಪ್ ಮಾಡಿದವ ಹೇಳ್ತಾ ಇದ್ದೇನೆ.

ಅಂದು ಸಂಜೆ ಅವಳು ನನ್ನ ಅಂಗಡಿಯಲ್ಲೇ ಕೂತು ಊರಿಗೆ ಫೋನು ಹಚ್ಚಿ, ಇಡೀ ಕಥೆಯನ್ನು ತಾಯಿಗೆ ಓದಿ ಹೇಳಿದಳು. ಅಪ್ಪ ಬಿಟ್ಟ ಮಾತು ಬಂದಲ್ಲಿ ತಡವರಿಸಿದಳು, ಆದರೆ ಹಾರಿಸಲಿಲ್ಲ. ಓದಿ ಮುಗಿಸಿ ಫೋನನ್ನು ಹತ್ತಿರ ಎಳೆದುಕೊಂಡಳು. ಹುಡುಗಿ "ಅವ್ವಾ?" ಎಂದಳು.

"ಮುಂದ ನಂದೂ ಬರಿಯವ್ವ," ಎಂದಿತು ಆ ದನಿ, ಸ್ಪೀಕರಿನಲ್ಲಿ ನನಗೂ ಕೇಳುವ ಹಾಗೆ. "ಖರೇ ಖರೇ ಬರಿ. ಆದ್ರ ನನ್ನ ಬಾಗಲದಾಗ ನಿಲ್ಲಿಸಿ ಅಳಸಬ್ಯಾಡ. ನಾ ಒಂದ ದಿನಾನೂ ಹಂಗ ನಿಂತಾಕಿ ಅಲ್ಲ."