ಕಂಡಕ್ಟರಮ್ಮನ ಮನೆಯಲ್ಲಿ ನಾಲ್ಕು ತಿಂಗಳು

ನನ್ನ ಅಣ್ಣನ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ತುರ್ತು ಎಂದು. ದಿನ ತುಂಬುವ ಮೊದಲೇ ಹುಟ್ಟಿದವಳು, ಆಮೇಲೂ ಯಾವುದಕ್ಕೂ ಕಾದವಳಲ್ಲ. ಒಂದು ಚಪ್ಪಲಿ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ ಇರುವಾಗಲೇ ಗೇಟು ದಾಟಿರುತ್ತಿದ್ದಳು. ಅಣ್ಣ, ಅತ್ತಿಗೆ ಇಬ್ಬರೂ ಬಟ್ಟೆ ಗಿರಣಿಯಲ್ಲಿ ಪಾಳಿ ಕೆಲಸದವರು. ಒಬ್ಬರು ಮನೆಗೆ ಬರುವ ಹೊತ್ತಿಗೆ ಇನ್ನೊಬ್ಬರು ಹೊರಟಿರುತ್ತಿದ್ದರು. ಹಾಗಾಗಿ ಎಲ್ಲಿ ಹೋಗಿದ್ದೆ, ಯಾಕೆ ಇಷ್ಟು ಹೊತ್ತು ಎಂದು ಆ ಹುಡುಗಿಯನ್ನು ಕೇಳುವವರೇ ಇರಲಿಲ್ಲ. ಕೇಳಬೇಕಾದವಳು ಸೋದರತ್ತೆಯಾದ ನಾನು. ನನಗೋ ಜೆರಾಕ್ಸ್ ಅಂಗಡಿಯ ಸ್ಟೂಲು ಬಿಟ್ಟು ಏಳಲು ಪುರುಸೊತ್ತಿರಲಿಲ್ಲ.

ಅವಳು ಓದುತ್ತಿದ್ದುದು ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಕೊಡುವ ಓದು. ಮೂರನೇ ವರ್ಷದಲ್ಲಿ ಕಾಲೇಜಿನವರು ಇಬ್ಬರನ್ನು ಆರಿಸಿ ಒಂದು ಸೆಮಿಸ್ಟರ್ ಹೊರದೇಶದ ಕಾಲೇಜಿಗೆ ಕಳಿಸಿದರು. ಇಬ್ಬರಲ್ಲಿ ಇವಳೊಬ್ಬಳು. ಕಾಗದಪತ್ರಗಳನ್ನೆಲ್ಲ ನಾನೇ ಏಳು ಪ್ರತಿ ತೆಗೆದುಕೊಟ್ಟೆ. ಇನ್ನೊಂದು ಕೇಳಿದರೆ ಇರಲಿ ಎಂದು ಎಂಟನೆಯದನ್ನೂ ತೆಗೆದಿಟ್ಟೆ. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಅಲ್ಲಿ ನಡೆದದ್ದನ್ನು ಅವಳು ನನಗೆ ಒಂದೇ ಸಲಕ್ಕೆ ಹೇಳಲಿಲ್ಲ. ಅಂಗಡಿಗೆ ಬಂದು ಕಾಗದ ಜೋಡಿಸಿಕೊಡುತ್ತಾ ಇವತ್ತೊಂದು ಮಾತು, ತಿಂಗಳು ಬಿಟ್ಟು ಇನ್ನೊಂದು ಮಾತು. ನಾನು ಅದನ್ನೆಲ್ಲ ಒಂದು ಮಾಡಿ ಹೇಳುತ್ತಿದ್ದೇನೆ.

ಆ ಊರಿನಲ್ಲಿ ಅವಳು ಬಾಡಿಗೆಗೆ ಇದ್ದದ್ದು ಒಬ್ಬ ಹೆಂಗಸಿನ ಮನೆಯಲ್ಲಿ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಳಾದವಳು. ಫೋನಿನಲ್ಲಿ ನಮ್ಮ ಹುಡುಗಿ ಆಕೆಗೆ ಇಟ್ಟ ಹೆಸರು ಕಂಡಕ್ಟರಮ್ಮ. ಎರಡನೇ ಮಹಡಿ, ಎರಡು ಕೋಣೆ, ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಾಗುವಷ್ಟು ಅಡುಗೆಮನೆ. ಯಾವ ಬಸ್ಸು ಎಷ್ಟು ಗಂಟೆಗೆ ಕೆಳಗಿನ ಸ್ಟಾಪಿಗೆ ಬರುತ್ತದೆ ಎಂಬುದು ಆಕೆಗೆ ಬಾಯಿಪಾಠ. ಕಿಟಕಿಯ ಗಾಜು ಅದುರಿದರೆ ಸಾಕು, "ಹದಿನಾಲ್ಕನೇ ನಂಬರು, ಮೂರು ನಿಮಿಷ ಲೇಟು" ಎನ್ನುತ್ತಿದ್ದಳಂತೆ. ಇಬ್ಬರಿಗೂ ಅರೆಬರೆ ಬರುತ್ತಿದ್ದ ಇಂಗ್ಲಿಷಿನಲ್ಲೇ ಅವರ ಮಾತುಕತೆ. ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ನಮ್ಮ ಹುಡುಗಿಗೆ ಕೊಟ್ಟಿದ್ದು ಕಂಡಕ್ಟರಮ್ಮನ ಮಗಳ ಕೋಣೆ. ಹೋದ ಮೊದಲ ವಾರವೇ ಆಕೆ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು. ಮಗಳೂ ಹೀಗೇ ಒಂದು ಸೆಮಿಸ್ಟರ್ ಓದಲು ಬೇರೆ ದೇಶಕ್ಕೆ ಹೋಗಿದ್ದಳು. ಸಂಜೆ ಫೋನ್ ಮಾಡುತ್ತೇನೆ ಎಂದು ಬೆಳಿಗ್ಗೆ ಹೇಳಿದ್ದಳು. ಸಂಜೆ ಫೋನ್ ಬಂತು. ಮಾಡಿದ್ದು ಪೊಲೀಸರು. ರಸ್ತೆ ದಾಟುವಾಗ ಲಾರಿ. ಅದಾಗಿ ಒಂಬತ್ತು ವರ್ಷ. ಮೂರು ವರ್ಷ ಆ ಕೋಣೆಯ ಬಾಗಿಲು ಹಾಕಿಯೇ ಇತ್ತು. ಆಮೇಲೆ ಹೊರದೇಶದಿಂದ ಓದಲು ಬರುವ ಹುಡುಗಿಯರಿಗೆ, ವರ್ಷಕ್ಕೊಬ್ಬರಂತೆ, ಬಾಡಿಗೆಗೆ ಕೊಡಲು ಶುರುಮಾಡಿದಳು.

"ನೀನು ಎಲ್ಲಿಗೆ ಬೇಕಾದ್ರೂ ಹೋಗು. ಎಷ್ಟು ಗಂಟೆ ಬಸ್ಸಿಗೆ ಬರ್ತೀಯಾ ಅಂತ ಮಾತ್ರ ಹೇಳಿ ಹೋಗು. ಲೇಟಾದ್ರೆ ಒಂದು ಫೋನು. ಅಷ್ಟೇ ನನ್ನ ಕಾನೂನು" ಎಂದಳಂತೆ.

ಮೊದಮೊದಲು ನಮ್ಮ ಹುಡುಗಿಗೆ ಅದು ಹಿತವಾಗಿತ್ತು. ಹುಟ್ಟಿದಮೇಲೆ ಮೊದಲ ಸಲ ಯಾರೋ ತನಗಾಗಿ ಗಡಿಯಾರ ನೋಡುತ್ತಿದ್ದರು. ಚಳಿ ಶುರುವಾದಾಗ ಆಕೆ ಬೀರುವಿನಿಂದ ಮಗಳ ಬೂದು ಬಣ್ಣದ ಕೋಟು ತೆಗೆದುಕೊಟ್ಟಳು. ಇವಳು ಹಾಕಿಕೊಂಡಳು. ತೋಳು ಎರಡು ಬೆರಳು ಉದ್ದವಾಯಿತು. ಕಂಡಕ್ಟರಮ್ಮ ಕೂತು ಮಡಚಿ ಹೊಲಿದುಕೊಟ್ಟಳು.

ಹಾಗೆ ಹೊಲಿಯುವಾಗಲೇ ನಮ್ಮ ಹುಡುಗಿ ಗಮನಿಸಿದ್ದು: ಆಕೆ ಬಟ್ಟೆಯನ್ನು ಯಾವಾಗಲೂ ಬಲಕ್ಕೆ ಎಳೆದುಕೊಂಡು ನೋಡುತ್ತಿದ್ದಳು. ಮೇಜಿನ ಎಡಗಡೆ ಇಟ್ಟ ಲೋಟಕ್ಕೆ ಕೈ ತಾಗಿ ಉರುಳುತ್ತಿತ್ತು. ಇವಳು ಆಕೆಯನ್ನು ಕಾಲೇಜಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ತಾನೇ ಪರೀಕ್ಷೆ ಮಾಡಿದಳು. ಕಣ್ಣಿನ ಒತ್ತಡ ಏರಿ ಎಡಗಣ್ಣಿನ ನೋಟ ಬಹಳಷ್ಟು ಹೋಗಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ದೊಡ್ಡ ಡಾಕ್ಟರು ಹನಿ ಔಷಧಿ ಬರೆದುಕೊಟ್ಟರು. ಮೆಟ್ಟಿಲಿಳಿಯುವಾಗ ಇವಳು ಆಕೆಯ ಎಡಗೈ ಹಿಡಿದುಕೊಂಡು ಹೇಳಿದಳು:

"ಇನ್ಮೇಲೆ ಕತ್ತಲಾಗೋ ಹೊತ್ತಲ್ಲಿ ಒಬ್ಬರೇ ಹೊರಗೆ ಹೋಗ್ಬೇಡಿ."

"ಓಡೋ ಬಸ್ಸಲ್ಲಿ ಮೂವತ್ತೊಂದು ವರ್ಷ ನಿಂತೋಳು ನಾನು. ಬಿದ್ದಿಲ್ಲ" ಎಂದು ಆಕೆ ನಕ್ಕಳು. ಆದರೆ ಹನಿಯನ್ನು ಮಾತ್ರ ದಿನಾ ಇವಳ ಕೈಯಿಂದಲೇ ಹಾಕಿಸಿಕೊಳ್ಳುತ್ತಿದ್ದಳು.

ಮೂರನೇ ತಿಂಗಳಿಗೆ ನಮ್ಮ ಹುಡುಗಿಗೆ ಉಸಿರು ಕಟ್ಟತೊಡಗಿತು. ಹತ್ತು ನಿಮಿಷ ತಡವಾದರೆ ಫೋನು. ಲೈಬ್ರರಿಯಲ್ಲಿದ್ದರೆ ಫೋನು. ಫೋನ್ ಬಂದಾಗೆಲ್ಲ ಜೊತೆಯವರು ತಮಾಷೆ ಮಾಡುತ್ತಿದ್ದರು: "ನೋಡು, ನಿನ್ನ ಬಸ್ಸು ಬಂತು." ಒಂದು ದಿನ ನನಗೆ ಫೋನ್ ಮಾಡಿ ಗೋಳಾಡಿದಳು.

"ಅತ್ತೆ, ಆ ಕೋಟು ಹಾಕ್ಕೊಂಡ್ರೆ ಅವರು ನನ್ನ ಮುಖಾನೇ ನೋಡಲ್ಲ, ಕೋಟು ನೋಡ್ತಾರೆ. ನಾನೇನು ಅವರ ಮಗಳಾ?"

ಅಂಗಡಿಯಲ್ಲಿ ಜನ ಇದ್ದರು. "ಇನ್ನೆರಡು ತಿಂಗಳು ತಾನೇ, ಹೆಂಗೋ ಕಳೆದುಬಿಡು. ಎಲ್ಲದಕ್ಕೂ ತಲೆ ಕೆಡಿಸ್ಕೋಬೇಡ" ಎಂದೆ. ಆಮೇಲೆ ಯೋಚಿಸಿದ್ದೇನೆ, ಬೇರೆ ಏನಾದರೂ ಹೇಳಬಹುದಿತ್ತು.

ಒಂದು ಭಾನುವಾರ ಕ್ಲಾಸಿನವರೆಲ್ಲ ಸೇರಿ ರೈಲಿನಲ್ಲಿ ಒಂದೂವರೆ ಗಂಟೆ ದೂರದ ಕೆರೆಯೂರಿಗೆ ಹೊರಟರು. ಬಿಸಿಲಿತ್ತು. ಇವಳು ಕೋಟನ್ನು ಬೇಕೆಂದೇ ಮೊಳೆಯಲ್ಲಿ ಬಿಟ್ಟು ತನ್ನದೇ ಸ್ವೆಟರ್ ಹಾಕಿಕೊಂಡಳು. "ಐದರ ಬಸ್ಸಿಗೆ ಬರ್ತೀನಿ" ಎಂದು ಬಾಗಿಲಲ್ಲೇ ಹೇಳಿ ಇಳಿದಳು.

ಕೆರೆಯ ಮೇಲೆ ದೋಣಿಯಲ್ಲಿ ಹೋದರು, ಹಾಡಿದರು, ಹುಚ್ಚರ ಹಾಗೆ ನಕ್ಕರು. ಮಧ್ಯಾಹ್ನ ಹೊತ್ತು ಇಳಿದಮೇಲೆ ಜೊತೆಯ ಹುಡುಗಿಯೊಬ್ಬಳು, ಇಲ್ಲೇ ನಮ್ಮ ಚಿಕ್ಕಮ್ಮನ ಮನೆ ಇದೆ, ಎಲ್ಲರೂ ಉಳಿದು ನಾಳೆ ಬೆಳಿಗ್ಗೆ ಹೋಗೋಣ ಎಂದಳು. ಇವಳೂ ಹೂಂ ಎಂದಳು. ಐದೂವರೆಗೆ ನೆನಪಾಗಿ ಕಂಡಕ್ಟರಮ್ಮನ ಮನೆಯ ಫೋನಿಗೆ ಕರೆ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಆಕೆ ಮೊಬೈಲ್ ಇಟ್ಟುಕೊಂಡವಳಲ್ಲ. ಸ್ನಾನಕ್ಕೆ ಹೋಗಿರಬೇಕು, ಆಮೇಲೆ ಮಾಡಿದರಾಯಿತು ಎಂದುಕೊಂಡಳು. ಒಳಗೆ ಇಸ್ಪೀಟು ಆಟಕ್ಕೆ ಕರೆಯುತ್ತಿದ್ದರು. ಹೋಗಿ ಕೂತಳು. ಫೋನನ್ನು ಚೀಲಕ್ಕೆ ಹಾಕಿದಳು.

"ಒಂದೇ ಸಲ ಮಾಡಿದೆ ಅತ್ತೆ" ಎಂದು ಈ ಮಾತು ಹೇಳುವಾಗೆಲ್ಲ ಬೆರಳು ಎತ್ತಿ ತೋರಿಸುತ್ತಾಳೆ. "ಅವರು ಎತ್ತದೇ ಇದ್ದದ್ದು ನನಗೆ ಒಳ್ಳೇದೇ ಅನ್ನಿಸ್ತು."

ಆ ಹೊತ್ತಿಗೆ ಕಂಡಕ್ಟರಮ್ಮ ಬಸ್ ಸ್ಟಾಪಿನಲ್ಲಿದ್ದಳು. ಬಿಸಿಲು ಹೋಗಿ ಚಳಿಗಾಳಿ ಎದ್ದಿತ್ತು. ಹುಡುಗಿ ಸ್ವೆಟರಿನಲ್ಲಿ ಹೋಗಿದ್ದಾಳೆ ಎಂದು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಐದಕ್ಕೆ ಮುಂಚೆಯೇ ಕೆಳಗಿಳಿದಿದ್ದಳು. ಒಂದು ಬಸ್ಸು ಬಂತು, ಎರಡು ಬಂತು, ಮೂರು ಬಂತು. ಹೊತ್ತು ಮುಳುಗಿತು. ನಾಲ್ಕನೆಯದು ಬರುವಾಗ ನಂಬರು ನೋಡಲು ಒಂದು ಹೆಜ್ಜೆ ಮುಂದಿಟ್ಟಳು. ಎಡಗಡೆ ಫುಟ್‌ಪಾತ್ ಮುಗಿದದ್ದು ಆಕೆಗೆ ಕಾಣಲಿಲ್ಲ. ಬಸ್ಸು ಮುಟ್ಟಲಿಲ್ಲ, ಡ್ರೈವರ್ ಬ್ರೇಕ್ ಹಾಕಿದ. ಆದರೆ ಬಿದ್ದ ಏಟಿಗೆ ಸೊಂಟದ ಮೂಳೆ ಮುರಿದಿತ್ತು. ಡ್ರೈವರ್ ಆಕೆಯ ಹಳೆಯ ಪರಿಚಯದವನು. ಅವನೇ ಆಸ್ಪತ್ರೆಗೆ ಸೇರಿಸಿದ.

ಸೋಮವಾರ ಬೆಳಿಗ್ಗೆ ಇವಳು ಬಂದಾಗ ಬಾಗಿಲಿಗೆ ಬೀಗ. ಪಕ್ಕದ ಮನೆಯಾತ ಆಸ್ಪತ್ರೆಯ ಹೆಸರು ಬರೆದ ಚೀಟಿ ಕೊಟ್ಟ.

ಆಪರೇಷನ್ ಆಗಿ ಮಲಗಿದ್ದ ಕಂಡಕ್ಟರಮ್ಮ ಇವಳನ್ನು ನೋಡಿ ಬೈಯಲಿಲ್ಲ. "ಚಳಿ ಆಗ್ಲಿಲ್ವಾ?" ಎಂದಳು. ಆಮೇಲೆ, "ತಿಂದ್ಯಾ ಏನಾದ್ರೂ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು ಅತ್ತೆ, ಎರಡು ಬಾರಿಸಿದ್ದರೂ ಚೆನ್ನಾಗಿತ್ತು ಎನ್ನುತ್ತಾಳೆ ಇವಳು.

ಹೊರಗೆ ಕಾರಿಡಾರಿನಲ್ಲಿ ಕಂಡಕ್ಟರಮ್ಮನ ತಮ್ಮ ಇದ್ದ. ಬಡಗಿ, ಉಗುರಿನ ಸಂದಿಯಲ್ಲಿ ಮರದ ಪುಡಿ ಇತ್ತಂತೆ. ಇವಳು ಕ್ಷಮಿಸಿ ಎನ್ನಲು ಹೋದಾಗ ಅವನು ಕೈ ಅಡ್ಡ ಹಿಡಿದ.

"ನಿಮ್ಮ ಮೇಲೆ ಕೋಪ ಇಲ್ಲ. ಆ ಕೋಣೇಲಿ ನೀವು ಆರನೆಯವರು. ಇದು ಯಾರ ಕಾಲದಲ್ಲಾದ್ರೂ ಆಗೋದೇ ಇತ್ತು. ಸಾಕು, ಇನ್ನು ಬಾಡಿಗೆಗೆ ಕೊಡೋದು ಬೇಡ ಅಂತ ನಾನೇ ಅಕ್ಕನಿಗೆ ಹೇಳಿದೀನಿ."

"ನನಗೆ ಗೊತ್ತಿತ್ತು. ಅವರಿಗೆ ಎಷ್ಟು ಕಾಣಲ್ಲ ಅಂತ ಕ್ಲಿನಿಕ್ಕಿನ ಚೀಟೀಲಿ ನಾನೇ ಬರೆದಿದ್ದೆ" ಎಂದಳು ಇವಳು.

ಅವನು ಕಿಟಕಿಯ ಕಡೆ ತಿರುಗಿದ.

ಆಕೆ ಮತ್ತೆ ಎರಡನೇ ಮಹಡಿಯ ಮೆಟ್ಟಿಲು ಹತ್ತಲಿಲ್ಲ. ಊರಾಚೆ ಇದ್ದ ಆರೈಕೆ ಮನೆಗೆ ಸೇರಿಸಿದರು. ನಮ್ಮ ಹುಡುಗಿ ಕೋಣೆ ಖಾಲಿ ಮಾಡಿ ಹಾಸ್ಟೆಲಿಗೆ ಹೋದಳು. ಉಳಿದ ಐದು ವಾರವೂ ಕ್ಲಾಸು ಮುಗಿಸಿ ಎರಡು ಬಸ್ಸು ಬದಲಾಯಿಸಿ ಹೋಗಿ, ಹನಿ ಹಾಕಿ ಬರುತ್ತಿದ್ದಳು. ಕೊನೆಯ ದಿನ ಕಂಡಕ್ಟರಮ್ಮ ಇವಳ ಕೈಯನ್ನು ಬಲಗಡೆಗೆ ಎಳೆದುಕೊಂಡು ನೋಡಿದಳು. "ನಿನ್ನ ಕೈ ನಡುಗ್ತಿತ್ತು ಮೊದಲು. ಈಗ ಒಂದು ಹನೀನೂ ಹೊರಗೆ ಚೆಲ್ಲಲ್ಲ" ಎಂದಳು. ಇವಳು ಮುಖ ತೊಳೆಯುವ ನೆಪ ಮಾಡಿ ಎದ್ದು ಹೋದಳು.

ಊರಿಗೆ ಬಂದಮೇಲೆ ಪರೀಕ್ಷೆ ಪಾಸಾಯಿತು, ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಪ್ರತಿ ಭಾನುವಾರ ಆರೈಕೆ ಮನೆಗೆ ಫೋನ್ ಮಾಡುತ್ತಿದ್ದಳು. ಒಂದು ವರ್ಷ ಕಳೆಯುವಷ್ಟರಲ್ಲಿ ಆಕೆಯ ಎಡಗಣ್ಣಿನ ನೋಟ ಪೂರ್ತಿ ಹೋಯಿತು, ಬಲಗಣ್ಣಿನದೂ ಮಬ್ಬಾಯಿತು. ಮರುವರ್ಷ ಚಳಿಗಾಲದಲ್ಲಿ ತಮ್ಮನಿಂದ ನಾಲ್ಕು ಸಾಲಿನ ಕಾಗದ ಬಂತು. ಅಕ್ಕ ಮಂಗಳವಾರ ತೀರಿಕೊಂಡಳು, ನಿದ್ದೆಯಲ್ಲಿ, ನಿಮಗೆ ತಿಳಿಸಲು ಹೇಳಿದ್ದಳು.

ಕಾಗದ ಹಿಡಿದುಕೊಂಡು ಅವಳು ನನ್ನ ಅಂಗಡಿಗೆ ಬಂದಳು. ನಾನು ಮೆಷಿನ್ ಆಫ್ ಮಾಡಿದೆ. ಗಿರಾಕಿಗಳಿಗೆ ಅರ್ಧ ಗಂಟೆ ಬಿಟ್ಟು ಬನ್ನಿ ಎಂದೆ.

"ನಿಂದೇನು ತಪ್ಪಿಲ್ಲ ಕಣೇ. ಚಿಕ್ಕೋಳು ನೀನು, ನಿನಗೇನು ಗೊತ್ತಾಗ್ಬೇಕು" ಎಂದೆ.

"ಎಲ್ಲರೂ ಇದನ್ನೇ ಹೇಳ್ತೀರಾ" ಎಂದಳು. "ಅಪ್ಪ, ಅಮ್ಮ, ಅವರ ತಮ್ಮ, ಕೊನೇಗೆ ಅವರೂ. ತಪ್ಪು ಇದೆ ಅತ್ತೆ. ಇದೆ ಅಂತ ಒಬ್ಬರಾದ್ರೂ ಹೇಳಿ."

ಹುಟ್ಟಿದಾಗ ಅಂಗೈಯಗಲ ಇದ್ದ ಮಗುವನ್ನು ಎತ್ತಿಕೊಂಡವಳು ನಾನು. ಅವಳ ಮುಖ ನೋಡಿಕೊಂಡು ಅದನ್ನು ಹೇಳುವುದು ನನಗೆ ಸುಲಭವಿರಲಿಲ್ಲ.

"ಇದೆ" ಎಂದೆ. "ಇನ್ನೊಂದು ಸಲ ಫೋನ್ ಮಾಡ್ಬೇಕಿತ್ತು ನೀನು."

ಆಗ ಅವಳು ಅತ್ತಳು. ಅಲ್ಲಿಂದ ಬಂದು ಸುಮಾರು ಎರಡು ವರ್ಷದಲ್ಲಿ ನಾನು ನೋಡಿದ ಹಾಗೆ ಮೊದಲ ಸಲ. ಎ4 ಕಾಗದದ ಬಂಡಲುಗಳ ಮಧ್ಯೆ ನೆಲದ ಮೇಲೆ ಕೂತು, ನನ್ನ ಮಡಿಲಲ್ಲಿ ತಲೆಯಿಟ್ಟು, ಸಣ್ಣ ಮಗುವಿನ ಹಾಗೆ ಸದ್ದು ಮಾಡಿ ಅತ್ತಳು. ಶಟರ್ ಅರ್ಧ ಎಳೆದಿದ್ದೆ. ಹೊರಗೆ ಗಿರಾಕಿಗಳ ಕಾಲುಗಳು ಬಂದು ನಿಲ್ಲುತ್ತಿದ್ದವು, ಸ್ವಲ್ಪ ಹೊತ್ತು ಕಾದು ಹೊರಟುಹೋಗುತ್ತಿದ್ದವು. ನಾನು ಎದ್ದು ಶಟರನ್ನು ಪೂರ್ತಿ ಇಳಿಸಲಿಲ್ಲ, ಎತ್ತಲೂ ಇಲ್ಲ.