ಮಹಜರಿನ ದಿನದ ಸೌದೆ

ಮೊನ್ನೆ ಸೌದೆಯವನು ಇಳಿಸಿಹೋದ ಲೋಡಿನಲ್ಲಿ ಎಲ್ಲೋ ನಾಲ್ಕು ಹಸಿ ಹುಣಸೆ ಕೊರಡು ಸೇರಿಕೊಂಡಿದ್ದವು. ನೋಡದೆ ಒಂದನ್ನು ಒಲೆಗೆ ತುರುಕಿದೆ. ಅದು ಉರಿಯಲಿಲ್ಲ, ತುದಿಯಲ್ಲಿ ನೊರೆ ಕಾರುತ್ತ ಸುಂಯ್ ಅಂದಿತು. ದಟ್ಟ ಹೊಗೆ ಎದ್ದು ಗಂಟಲು ಹಿಡಿಯಿತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಶಿರಸ್ತೇದಾರರು ನೆನಪಾದರು. ಬೇಡವಾದವರು ಹೀಗೇ, ಕರೆಯದೆ ಬಂದು ಕೂರುತ್ತಾರೆ.

ಮಧುಗಿರಿಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ರಿಟೈರ್ ಆದವರು. ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ಪೆನ್ನು. ಮಾತು ಕಡಿಮೆ, ಕಾಗದ ಜಾಸ್ತಿ. ಅವರ ಗೋಡೆಗೆ ಅಂಟಿಕೊಂಡಂತೆ ನನ್ನ ಮುದ್ದೆ ಹೋಟೆಲು. ಮುಂದೆ ನಾಲ್ಕು ಬೆಂಚು, ಹಿತ್ತಲಲ್ಲಿ ಎರಡು ಸೌದೆ ಒಲೆ. ಗಂಡ ತೀರಿಕೊಂಡ ಮೇಲೆ ನಾನು ಯಾರ ಮುಂದೆಯೂ ಕೈಚಾಚದೆ ನಿಂತದ್ದು ಆ ಒಲೆಗಳ ಮುಂದೆ. ಪಾವಗಡ, ಕೊರಟಗೆರೆ ಕಡೆಯಿಂದ ಕೋರ್ಟು ಕಚೇರಿ ಅಂತ ಬರುವವರೆಲ್ಲ ಉಣ್ಣುತ್ತಿದ್ದದ್ದು ನನ್ನಲ್ಲೇ. ಗ್ಯಾಸಿನ ಮೇಲೆ ತೊಳಸಿದ ಮುದ್ದೆ ಅವರಿಗೆ ರುಚಿಸುತ್ತಿರಲಿಲ್ಲ.

ಬೆಳಿಗ್ಗೆ ಬೆಟ್ಟದ ಕಡೆಯಿಂದ ಗಾಳಿ ಇಳಿಯಿತೆಂದರೆ ನನ್ನ ಒಲೆಯ ಹೊಗೆಯೆಲ್ಲ ನೆಟ್ಟಗೆ ಅವರ ರೂಮಿನ ಕಿಟಕಿಗೆ ನುಗ್ಗುತ್ತಿತ್ತು. ಅವರಿಗೆ ಉಬ್ಬಸ. ಮೊದಲ ಸಲ ಹೇಳಲು ಬಂದಾಗ ನಾನು ಹಿಟ್ಟಿನ ಕೋಲು ಹಿಡಿದು ತೊಳಸುತ್ತಿದ್ದೆ, ಎದುರಿಗೆ ಗಿರಾಕಿಗಳು ತಟ್ಟೆ ಇಟ್ಟುಕೊಂಡು ಕಾಯುತ್ತಿದ್ದರು. ಹೊಗೆಯಾದರೆ ಕಿಟಕಿ ಮುಚ್ಚಿಕೊಳ್ಳಿ, ನನ್ನ ಒಲೆ ಯಾಕೆ ಮುಚ್ಚಿಸುತ್ತೀರಿ ಅಂದುಬಿಟ್ಟೆ.

“ಕಿಟಕಿ ಮುಚ್ಚಿದ್ರೆ ಉಸಿರು ಎಲ್ಲಿಂದ ತಗಳ್ಳೋದಮ್ಮ?” ಅಂದರು. ಗಿರಾಕಿಗಳು ನಕ್ಕರು. ನಾನೂ ನಕ್ಕೆ.

ವಾರ ಕಳೆಯುವುದರೊಳಗೆ ಪುರಸಭೆಗೆ ಅರ್ಜಿ ಬಿತ್ತು. ಅದರ ಪ್ರತಿ ನನಗೂ ಬಂತು. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ‘ಸದರಿ ಹೋಟೆಲಿನ ಒಲೆಯು ನೆರೆಹೊರೆಯವರಿಗೆ ಉಪದ್ರವಕಾರಿಯಾಗಿದ್ದು...’ ಅಂತಿತ್ತು. ಓದಿ ಮೈ ಉರಿದುಹೋಯಿತು. ನನಗೆ ಅನ್ನ ಕೊಡುವ ಒಲೆ ಇವರಿಗೆ ಉಪದ್ರವವಂತೆ. ನಾನು ಚನ್ನರಾಯನದುರ್ಗದ ಕಡೆಯ ಕುರಿ ಕಾಯುವವರ ಮನೆಯ ಮಗಳು, ಹೊಗೆಯಲ್ಲೇ ಹುಟ್ಟಿ ಬೆಳೆದವಳು. ಹೊಗೆಗೆ ಯಾರಾದರೂ ಸತ್ತದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಂದಾಚೆ ಬೇಕೆಂದೇ ಹಸಿ ಸೌದೆ ಹಾಕತೊಡಗಿದೆ. ಮೊದಲೆಲ್ಲ ಹಸಿಯೋ ಒಣಗಿದ್ದೋ, ಸಿಕ್ಕಿದ್ದು ಹಾಕುತ್ತಿದ್ದೆ. ಈಗ ಆರಿಸಿ ಹಸಿಯದನ್ನೇ ಹಾಕಿದೆ. ಕೆಲವು ದಿನ ಒದ್ದೆ ಕಡಲೆಕಾಯಿ ಸಿಪ್ಪೆಯನ್ನೂ ಸುರಿದದ್ದುಂಟು. ಗೋಡೆಯಾಚೆ ಅವರು ಕೆಮ್ಮುವುದು ಕೇಳುತ್ತಿತ್ತು. ಕೇಳಲಿ ಅಂತಲೇ ನಾನು ಈಚೆ ಕಡೆ ಜೋರಾಗಿ ಪಾತ್ರೆ ಕುಕ್ಕುತ್ತಿದ್ದೆ.

ಅರ್ಜಿಯ ಮೇಲೆ ಅರ್ಜಿ ಹೋದವು. ಕೊನೆಗೆ ಇಂಥ ದಿನ ಬಂದು ಸ್ಥಳ ನೋಡಿ ಮಹಜರು ಬರೆಯುತ್ತೇವೆ ಅಂತ ಇಬ್ಬರಿಗೂ ನೋಟಿಸು ಬಂತು. ಹೊಗೆ ಇದೆ ಅಂತ ಬರೆದರೆ ಒಲೆ ಕೀಳಿಸುತ್ತಾರೆ, ಒಲೆ ಹೋದರೆ ಹೋಟೆಲಿಲ್ಲ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಆಮೇಲೆ ಅಟ್ಟ ನೆನಪಾಯಿತು. ಮಳೆಗಾಲಕ್ಕೆಂದು ಅಲ್ಲಿ ಜಾಲಿ ಸೌದೆ ಪೇರಿಸಿಟ್ಟಿದ್ದೆ. ವರ್ಷದಿಂದ ಒಣಗಿ, ತಟ್ಟಿದರೆ ಠಣ್ ಅನ್ನುತ್ತಿತ್ತು. ಆ ಬೆಳಿಗ್ಗೆ ಎರಡೂ ಒಲೆಗೆ ಅದನ್ನೇ ಹಾಕಿದೆ.

ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರು ಬಂದು ಹಿತ್ತಲಲ್ಲಿ ನಿಂತು ನೋಡಿದರು. ಶಿರಸ್ತೇದಾರರ ರೂಮಿಗೆ ಹೋಗಿ ಕಿಟಕಿಯ ಹತ್ತಿರವೂ ನಿಂತರು. ಒಲೆ ಧಗಧಗ ಉರಿಯುತ್ತಿತ್ತು, ಹೊಗೆ ಅನ್ನುವುದು ಹುಡುಕಿದರೂ ಇಲ್ಲ. ಪಂಚರು ಮೂವರು, ಮೂವರೂ ನನ್ನ ಮುದ್ದೆ ಉಂಡವರೇ. ದಿನವೂ ಇಷ್ಟೇ ಸಾರ್ ಅಂತ ಹೇಳಿ ಸಹಿ ಹಾಕಿದರು. ಹೊಗೆ ಕಂಡುಬಂದಿಲ್ಲ, ಅರ್ಜಿಯಲ್ಲಿ ಹುರುಳಿಲ್ಲ ಎಂದು ಬರೆದುಕೊಂಡ ಇನ್ಸ್‌ಪೆಕ್ಟರು ಅದನ್ನು ಬೀದಿಯಲ್ಲಿ ನಿಂತೇ ಓದಿ ಹೇಳಿದರು. ಜನ ಸೇರಿದ್ದರು. ಜೀವಮಾನವೆಲ್ಲ ಊರವರ ಹೇಳಿಕೆ, ಸಹಿ, ಮಹಜರುಗಳನ್ನು ಜೋಡಿಸಿಟ್ಟ ಮನುಷ್ಯ ಅವತ್ತು ತನ್ನ ಬೀದಿಯಲ್ಲೇ ಸುಳ್ಳುಗಾರನಾಗಿ ನಿಂತಿದ್ದರು. ಅವರೂ ಸಹಿ ಹಾಕಬೇಕಿತ್ತು. ಹಾಕಲಾರೆ ಅಂತ ಜಗಳ ತೆಗೆಯುತ್ತಾರೆ ಅಂದುಕೊಂಡಿದ್ದೆ. ಈ ದಿನ ಕಂಡದ್ದು ಇಷ್ಟೇ ತಾನೇ ಅಂತ ಹೇಳಿ ಜೇಬಿನ ಪೆನ್ನು ತೆಗೆದು ಹಾಕಿಯೇಬಿಟ್ಟರು.

ಎಲ್ಲರೂ ಚದುರಿದ ಮೇಲೆ ನನ್ನ ಹತ್ತಿರ ಬಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

“ಇವತ್ತು ಉರಿಸಿದ್ಯಲ್ಲಮ್ಮ ಆ ಸೌದೆ, ದಿನಾ ಅದನ್ನೇ ಉರಿಸಿದ್ರೆ ನಾನ್ಯಾಕೆ ಅರ್ಜಿ ಬರೀತಿದ್ದೆ?”

ಗಿರಾಕಿ ಕಾಯುತ್ತಿದ್ದಾರೆ ಅಂತ ನಾನು ಒಳಗೆ ಹೋಗಿಬಿಟ್ಟೆ. ಆ ಮಾತು ಚುಚ್ಚಿದ ಸಿಟ್ಟಿನಲ್ಲೇ ಮಾರನೆಯ ದಿನ ಮತ್ತೆ ಹಸಿ ಹುಣಸೆ ಹಾಕಿದೆ. ಗೆದ್ದವಳಲ್ಲವೇ ನಾನು... ಅವರು ಆ ಕಿಟಕಿಗೆ ಹಲಗೆ ಹೊಡೆಸಿದರು. ಮತ್ತೆ ಅರ್ಜಿ ಬರೆಯಲಿಲ್ಲ. ಬರೆದರೂ ನಂಬುವವರು ಯಾರಿದ್ದರು. ಬೀದಿಯಲ್ಲಿ ಎದುರಾದರೆ ಅವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು, ನಾನು ಎತ್ತಿಕೊಂಡು.

ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಡಾಕ್ಟರು ಹೃದಯ ಅಂದರಂತೆ, ಹೊಗೆ ಅನ್ನಲಿಲ್ಲ. ಯಾರೂ ಅನ್ನಲಿಲ್ಲ. ಹೆಣ ಎತ್ತುವವರೆಗೆ ಅಕ್ಕಪಕ್ಕದಲ್ಲಿ ಒಲೆ ಹಚ್ಚುವಂತಿಲ್ಲ, ನಾನೂ ಹಚ್ಚಲಿಲ್ಲ. ತಣ್ಣಗಿದ್ದ ಒಲೆಯ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದೆ. ಒಳಗೆ ಸೆಕೆಯೆಂದು ಯಾರೋ ಆ ಕಿಟಕಿಯ ಹಲಗೆ ಕಿತ್ತರು. ನೋಡಿದರೆ ಅವರ ಮಂಚ ಕಿಟಕಿಗೆ ಅಂಟಿಕೊಂಡೇ ಇತ್ತು. ಆ ಪುಟ್ಟ ರೂಮಿನಲ್ಲಿ ಮಂಚ ಹಾಕಲು ಬೇರೆ ಜಾಗವೇ ಇರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.

ಅವರು ಹೋಗಿ ಆರು ವರ್ಷವಾಯಿತು. ಅವರ ತಿಥಿ ಕಳೆದ ಮಾರನೆಯ ದಿನದಿಂದ ನಾನು ಒಣ ಜಾಲಿ ಬಿಟ್ಟು ಬೇರೆ ಸೌದೆ ಮುಟ್ಟಿಲ್ಲ. ಮೊನ್ನೆಯದು ಕಣ್ತಪ್ಪಿ ಬಂದದ್ದು, ಆಗಲೇ ಎಳೆದು ನೀರು ಹುಯ್ದೆ. ಶಿರಸ್ತೇದಾರರು ಈಗ ಎದುರಿಗೆ ಬಂದರೂ ನನಗೆ ಅವರನ್ನು ಕಂಡರೆ ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಒಲೆಗೆ ಸೌದೆ ಒಟ್ಟುವಾಗಲೆಲ್ಲ ಕಣ್ಣು ಆ ಕಿಟಕಿಯ ಕಡೆಗೇ ಹೋಗುತ್ತದೆ.

ಆ ಮನೆಗೆ ಈಗ ಸಿರಾ ಕಡೆಯವರು ಬಾಡಿಗೆಗೆ ಬಂದಿದ್ದಾರೆ. ಹೋದ ವಾರ ಆ ಹೆಂಗಸು ಸಾರು ತೆಗೆದುಕೊಂಡು ಹೋಗಲು ಬಂದವಳು ಒಲೆ ನೋಡುತ್ತ ನಿಂತಳು. ಬೀದಿಯವರು ಅವಳಿಗೆ ಹಳೆಯ ಕಥೆಯೆಲ್ಲ ಹೇಳಿದ್ದಾರೆ. ಇಷ್ಟು ಚೊಕ್ಕವಾದ ಒಲೆಯ ಮೇಲೆ ಆ ಮುದುಕ ಸುಮ್ಮಸುಮ್ಮನೆ ಅರ್ಜಿ ಬರೆದು ನಿಮ್ಮನ್ನು ಗೋಳು ಹುಯ್ದುಕೊಂಡನಂತೆ ಅಂದಳು.

“ಇಲ್ಲ ಕಣಮ್ಮ,” ಅಂದೆ. “ಅವ್ರು ಬರೆದಿದ್ದೆಲ್ಲ ದಿಟ. ನಾನೇ ಬೇಕು ಅಂತ ಹಸಿ ಸೌದೆ ಹಾಕಿ ಹೊಗೆ ಎಬ್ಬುಸ್ತಿದ್ದೆ.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿ ನಕ್ಕುಬಿಟ್ಟಳು.

“ನೀವು ಬಲೇ ಒಳ್ಳೇರು ಬುಡಿ. ಸತ್ತೋರ ಮೇಲೆ ಒಂದು ಮಾತು ಬರಾಕೆ ಬುಡಲ್ಲ.”

ಸಾರಿನ ಪಾತ್ರೆ ಎತ್ತಿಕೊಂಡು ಹೊರಟೇ ಹೋದಳು.